ಸಣ್ಣ ಸ್ವರಗಳು

ಇವತ್ತು ಬೆಳಿಗ್ಗೆಯಿಂದ ಯಾರೋ ಬೆನ್ನ ಹಿಂದೆ ನಗುತ್ತಿದ್ದಾರೆ ಅನ್ನಿಸುತ್ತಿತ್ತು ಕಾಸ್ಪರ್ ಹೋಲುಬನಿಗೆ. ಮೆಟ್ಟಿಲಿಳಿಯುವಾಗ ಮನೆಯೊಡತಿ ಬಾಗಿಲಿಗೆ ಬಂದು ಏನೋ ಅಂದಳು. ಇವನು ಎಂದಿನ ಹಾಗೆ ಟೋಪಿ ಎತ್ತಿ, "ಹೌದ್ಹೌದು, ಸಿಕ್ಕಾಪಟ್ಟೆ ಚಳಿ" ಅಂದ. ಅವಳ ಮುಖ ನೋಡಿದರೆ ಮಾತು ಚಳಿಯದ್ದಾಗಿರಲಿಲ್ಲ. ಮುಂದೆ ಹೋಗಿದ್ದ ಮಗಳು ಲೋನಿ ಹಿಂದಕ್ಕೆ ಬಂದು, ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಅವರ ಅಣ್ಣ ತೀರಿಕೊಂಡರಂತೆ. ಅಷ್ಟರಲ್ಲಿ ಮನೆಯೊಡತಿ ಬಾಗಿಲು ಹಾಕಿಕೊಂಡಾಗಿತ್ತು. ಮುಚ್ಚಿದ ಬಾಗಿಲ ಮುಂದೆ ನಿಂತು, "ಅಯ್ಯೋ, ಅವ್ರ ಆತ್ಮಕ್ಕೆ ಶಾಂತಿ ಸಿಗ್ಲಿ" ಅಂದ. ಎಷ್ಟು ಗಟ್ಟಿಯಾಗಿ ಅಂದನೋ ಏನೋ, ಮೇಲಿನ ಮಹಡಿಯಲ್ಲಿ ಕಿಟಕಿಯೊಂದು ತೆರೆದುಕೊಂಡಿತು. ಕಿವುಡನ ಕಷ್ಟ ಕೇಳಿಸದೆ ಇರುವುದು ಅಂತ ಲೋಕ ತಿಳಿದಿದೆ. ತನ್ನ ದನಿ ಎಷ್ಟು ದೊಡ್ಡದು ಅಂತ ತನಗೇ ಗೊತ್ತಾಗದಿರುವುದು ಅದಕ್ಕಿಂತ ಕಷ್ಟ. ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ತಿಳಿಯದೆ ಪೇಟೆಗೆ ಹೋದ ಹಾಗೆ.

ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ವಿಯೆನ್ನಾದಲ್ಲಿ ಕುಣಿತವಿಲ್ಲ. ಬೇರೆ ಗತಿಯಿಲ್ಲದೆ ಜನಕ್ಕೆ ಸಂಗೀತದ ಮೇಲೆ ಭಕ್ತಿ ಹುಟ್ಟುತ್ತದೆ. ವೀಡೆನ್ ಬಡಾವಣೆಯ 'ಕೆಂಪು ಹುಂಜ' ಹೋಟೆಲಿನವನು ಖಾಲಿ ಬಿದ್ದ ಕುಣಿತದ ಹಜಾರವನ್ನು ಹೋಲುಬನ ಮೇಳದ ತಾಲೀಮಿಗೆ ಕೊಟ್ಟಿದ್ದ. ಹಳೇ ಬಿಯರಿನ ಹುಳಿ ವಾಸನೆ, ಒಂದು ಮೂಲೆಗೆ ಮಾತ್ರ ಬಿಸಿ ಕೊಡುವ ಒಲೆ, ಅಂಗಾಲಿಗೆ ಚುಚ್ಚುವ ಮರದ ನೆಲ. ಚುಚ್ಚಲಿ ಅಂತಲೇ ಹೋಲುಬ್ ತೆಳು ಅಟ್ಟೆಯ ಜೋಡು ಹಾಕಿಕೊಂಡು ಬರುತ್ತಿದ್ದ. ದೊಡ್ಡ ಬಾಸ್ ಪಿಟೀಲುಗಳು ನುಡಿದರೆ ಆ ನೆಲದ ಮೂಲಕ ಕಾಲಿಗೆ ಒಂದಿಷ್ಟು ಸುದ್ದಿ ಬರುತ್ತಿತ್ತು. 'ಮುದುಕ ಕುಣಿಯೋ ಜೋಡು ಹಾಕ್ಕೊಂಡ್ ಬಂದಿದಾನೆ' ಅಂತ ಹಿಂದಿನ ಸಾಲಿನವರು ಆಡಿಕೊಳ್ಳುವುದು ಅವನಿಗೆ ಗೊತ್ತಿತ್ತು. ಮೇಳದ ಮೂವತ್ತು ಜನ ತನ್ನ ಕೈ ನೋಡುವುದಿಲ್ಲ, ಮೊದಲ ಪಿಟೀಲಿನ ಏಗ್ನರನ ಕಮಾನು ನೋಡಿಕೊಂಡು ನುಡಿಸುತ್ತಾರೆ ಅನ್ನುವುದೂ ಗೊತ್ತಿತ್ತು. ಕೈ ಬೀಸುವುದು ತಾನು, ನಡೆಸುವುದು ಅವನು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಐದು ವರ್ಷದ ಹಿಂದೆ ಏಗ್ನರ್ ಇದ್ದಕ್ಕಿದ್ದ ಹಾಗೆ ಮೀಸೆ ಬೋಳಿಸಿಕೊಂಡು ಬಂದ, ತನ್ನ ತುಟಿಯ ಮಾತು ಇವನಿಗೆ ಕಾಣಲಿ ಅಂತ. ಹೋಲುಬ್ ಅವನನ್ನು ನೋಡಿ ಹೇಳಿದ್ದು ಒಂದೇ ಮಾತು: "ಈಗ ಸುಲಿದ ಕೋಳಿ ಥರ ಕಾಣ್ತೀಯ." ಆಮೇಲೆ ಒಳ್ಳೆಯ ಮಾತು ಹೇಳಬೇಕು ಅಂದುಕೊಳ್ಳುತ್ತಲೇ ಐದು ವರ್ಷವಾಯಿತು.

ಲೋನಿ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಮಸಿಕುಡಿಕೆ ಪಕ್ಕಕ್ಕಿಟ್ಟು, ತೊಡೆಯ ಮೇಲೆ ಹಲಗೆಯಿಟ್ಟು, ಐದು ಮೊನೆಯ ಲೇಖನಿಯಿಂದ ಖಾಲಿ ಹಾಳೆಗೆ ಗೆರೆ ಎಳೆಯಲು ಶುರು ಮಾಡಿದಳು. ಒಂದೇ ಎಳೆತಕ್ಕೆ ಐದು ಗೆರೆ, ಎಡದಿಂದ ಬಲಕ್ಕೆ, ನಡುವೆ ಎಲ್ಲೂ ನಿಲ್ಲುವಂತಿಲ್ಲ. ನಿಂತಲ್ಲಿ ಮಸಿ ಬೊಟ್ಟಾಗುತ್ತದೆ. ಅವಳಿಗೀಗ ಇಪ್ಪತ್ತಾರು. ಹನ್ನೊಂದನೇ ವಯಸ್ಸಿಗೆ ಈ ಕೆಲಸ ಕಲಿಸಿದವನು ಇವನೇ. ಸೊಟ್ಟ ಗೆರೆಗೆ ಬೆರಳ ಗೆಣ್ಣಿನ ಮೇಲೆ ಏಟು. "ಹಿಡಿದ ಪುಟ ಮುಗಿಯೋವರೆಗೂ ಏಳಕೂಡ್ದು, ಮನೆಗೆ ಬೆಂಕಿ ಬಿದ್ರೂ ಸರಿ" ಅಂತ ಹೇಳಿಕೊಟ್ಟಿದ್ದ. ಅವನ ಸಂಗೀತವನ್ನೆಲ್ಲ ವಾದ್ಯಕ್ಕೊಂದು ಹಾಳೆಯ ಹಾಗೆ ನಕಲು ತೆಗೆಯುವವಳು ಈಗ ಅವಳೇ. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು. ಎರಡು ಸಲವೂ ಇವನ ಯಾವುದೋ ಕೆಲಸ ಅರ್ಧಕ್ಕಿತ್ತು.

ಭಾನುವಾರದ ಕಛೇರಿಗೆ ಹೊಸದು ಏನೂ ಇರಲಿಲ್ಲ. ಜನ ಕೇಳುವುದು ಅದೊಂದನ್ನೇ, ಹನ್ನೆರಡು ವರ್ಷದ ಹಿಂದಿನ ಆ ವಿಳಂಬದ ಭಾಗ. ಕೆಳಗೆ ತಗ್ಗು ದನಿಯ ಪಿಟೀಲುಗಳಾದ ವಯೋಲಾಗಳು ಬಾವಿಯ ನೀರಿನ ಹಾಗೆ ಅಲುಗುತ್ತಲೇ ಇರುತ್ತವೆ, ಅವುಗಳ ಮೇಲೆ ಚೆಲ್ಲೊ ಒಂದೇ ಹಾಡುತ್ತದೆ. ಪಿಟೀಲು, ಕೊಳಲು ಎಲ್ಲ ಬಹಳ ಹೊತ್ತು ಸುಮ್ಮನಿರುತ್ತವೆ. ಹೆಂಡತಿ ಲುಡ್ಮಿಲಾ ಸತ್ತ ವಾರ ಬರೆದದ್ದು ಅಂತ ಊರಿಗೆಲ್ಲ ಗೊತ್ತು. 'ಎದೆ ಒಡೆದವನು ಮಾತ್ರ ಬರೆಯಬಲ್ಲ' ಅಂತ ಪತ್ರಿಕೆಯವನೊಬ್ಬ ಬರೆದಿದ್ದ. 'ಮೇಲಿನ ಸ್ವರಗಳನ್ನೆಲ್ಲ ಕತ್ತಲೆಗೆ ಬಿಟ್ಟುಕೊಟ್ಟ ದುಃಖ' ಅಂತಲೂ ಬರೆದಿದ್ದ. ಹೋಲುಬ್ ಆ ತುಣುಕನ್ನು ಕತ್ತರಿಸಿ ಪ್ರಾರ್ಥನೆಯ ಪುಸ್ತಕದಲ್ಲಿಟ್ಟುಕೊಂಡ. ಮೇಲಿನ ಸ್ವರಗಳನ್ನು ಬಿಟ್ಟದ್ದು ದುಃಖಕ್ಕಲ್ಲ, ಆಗಲೇ ಅವು ಅವನಿಗೆ ಕೇಳಿಸುತ್ತಿರಲಿಲ್ಲ ಅಂತ. ಮೊದಲು ಹೋದದ್ದು ಹಕ್ಕಿಗಳು, ಆಮೇಲೆ ಗಾಡಿಯ ಗೆಜ್ಜೆ, ಆಮೇಲೆ ಹೆಂಗಸರ ದನಿ. ಗಂಡಸರ ಮಾತು ಇನ್ನೂ ಚೆನ್ನಾಗಿಯೇ ಕೇಳುತ್ತಿತ್ತು, ಆದ್ದರಿಂದ ಯಾರಿಗೂ ಗುಮಾನಿ ಬರಲಿಲ್ಲ. ಇವನೂ ಹೇಳಲಿಲ್ಲ. ಕಿವಿ ಹೋದ ಸಂಗೀತಗಾರನಿಗೆ ಇಗರ್ಜಿಯವರು ಕೆಲಸ ಕೊಡುತ್ತಾರೆಯೇ? ಈ ಹೋಟೆಲಿನಲ್ಲೇ, ಕೆಳಗಿನ ಬಿಯರಿನ ಅಂಗಡಿಯಲ್ಲಿ, ಎಲ್ಲರ ನಡುವೆ ಮಗ್ ಎತ್ತಿ ಅಂದಿದ್ದ: "ನನ್ ಹೆಂಡ್ತಿ ಮಾತು ನಂಗೆ ಕೇಳ್ಸೋದೇ ಇಲ್ಲ ಕಣ್ರಯ್ಯ, ದೇವರು ಕೊಟ್ಟ ವರ!" ಎಲ್ಲರೂ ಮೇಜು ಕುಟ್ಟಿ ನಕ್ಕರು. ನಿಜವನ್ನು ನಗೆಮಾತಿನಲ್ಲಿ ಸುತ್ತಿಟ್ಟರೆ ಯಾರೂ ಬಿಚ್ಚಿ ನೋಡುವುದಿಲ್ಲ. ಆ ರಾತ್ರಿ ಲುಡ್ಮಿಲಾ ಕೂಡ ನಕ್ಕಿದ್ದಳು, ಕೆಮ್ಮು ಬರುವವರೆಗೆ.

ದುಃಖ ಬರೆಸಿತು ಅಂತಾರೆ. ಬರೆಯುವಾಗ ದುಃಖವೇ ಇರಲಿಲ್ಲ. ಇದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ. ಮಾರ್ಚ್ ತಿಂಗಳ ಮಧ್ಯಾಹ್ನ, ಮೇಜಿನ ಮೇಲೆ ಬಿಸಿಲು, ಪಕ್ಕದ ಕೋಣೆಯಲ್ಲಿ ಲುಡ್ಮಿಲಾ ಕಾಯಿಲೆ ಬಿದ್ದು ಮಲಗಿದ್ದಳು, ನಡುವಿನ ಬಾಗಿಲು ತೆರೆದಿತ್ತು. ಬೆನ್ನು ಆ ಬಾಗಿಲಿಗೆ. ವಯೋಲಾಗಳ ಅಲುಗಾಟ ಸಿಕ್ಕಿದ್ದು ಆಗಲೇ, ಒಂದಾದ ಮೇಲೊಂದು ಆವರ್ತ ತಾನಾಗಿ ಬರುತ್ತಿತ್ತು. ಜೀವಮಾನದಲ್ಲಿ ಅಷ್ಟು ಸುಖವಾಗಿ ಅವನು ಯಾವತ್ತೂ ಇರಲಿಲ್ಲ. ಮುಗಿಸಿ, ಮಸಿಯ ಮೇಲೆ ಮರಳು ಉದುರಿಸಿ, ಅವಳಿಗೆ ತೋರಿಸೋಣ ಅಂತ ತಿರುಗಿದಾಗ ಅವಳು ಅರ್ಧ ಮಂಚದಿಂದ ಹೊರಗಿದ್ದಳು. ಲೋಟ ನೆಲದ ಮೇಲೆ. ಕೈ ಬಾಗಿಲ ಕಡೆಗೆ ಚಾಚಿತ್ತು, ಬಾಯಿ ತೆರೆದಿತ್ತು. ಅವಳನ್ನು ಎತ್ತಿ ಮಲಗಿಸಿ, ಬಾಯಿ ಮುಚ್ಚಿಸಿ, ಲೋಟವನ್ನು ಎತ್ತಿಟ್ಟು, ಆಮೇಲೆ ಕೂಗಿಕೊಂಡ. ಡಾಕ್ಟರಿಗೂ ಪಾದ್ರಿಗೂ "ನಿದ್ದೇಲೇ ಹೋಗ್ಬಿಟ್ಲು" ಅಂದ. ಲೋನಿ ಆಗ ಹದಿನಾಲ್ಕರವಳು, ರೊಟ್ಟಿ ತರಲು ಹೋಗಿದ್ದಳು. ಹಾಗಂತ ಇವನು ನಂಬಿದ್ದ. ಯಾರೂ ಕೇಳಿಸಿಕೊಂಡಿರಲಿಲ್ಲ. ಯಾರೂ ಕೇಳಿಸಿಕೊಳ್ಳದಿದ್ದರೆ ಅವಳು ಕರೆದೇ ಇಲ್ಲ ಅಂತಲೂ ಆಗಬಹುದಲ್ಲ ಅಂತ ಹನ್ನೆರಡು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಅವನು ಕೈ ಎತ್ತಿದ. ವಯೋಲಾಗಳ ಕಮಾನುಗಳು ಒಟ್ಟಿಗೆ ಅಲುಗಿದವು. ಒಳಗಿನ ಕಿವಿಯಲ್ಲಿ ಎಲ್ಲ ಸರಿಯಾಗಿ ಕೇಳುತ್ತಿತ್ತು. ಎರಡು, ಮೂರು, ನಾಲ್ಕು. ಐದನೆಯ ಆವರ್ತದಲ್ಲಿ ಹಿಂದಿನ ಸಾಲಿನ ಕೊಳಲಿನವನು ಕೊಳಲೆತ್ತಿ ತುಟಿಗಿಟ್ಟು, ಊದಿ, ಇಳಿಸಿದ. ಹೋಲುಬನ ಕೈ ತಡವರಿಸಿತು. ಕೊಳಲಿಗೆ ಅಲ್ಲಿ ಇಪ್ಪತ್ತೆರಡು ಆವರ್ತ ಮೌನ. ಎಂಜಲು ತೆಗೆಯಲು ಊದಿದನೇನೋ ಅಂದುಕೊಂಡ. ಒಂಬತ್ತನೆಯದರಲ್ಲಿ ಕೊಳಲು ಮತ್ತೆ ಎದ್ದಿತು. ಆಗ ಅವನ ಕಣ್ಣಿಗೆ ಬಿದ್ದದ್ದು ಏಗ್ನರನ ಮುಖ. ಏಗ್ನರ್ ಕೊಳಲಿನವನನ್ನು ನೋಡುತ್ತಿರಲಿಲ್ಲ, ಒಲೆಯ ಕಡೆಗೆ ನೋಡುತ್ತಿದ್ದ. ಒಲೆಯ ಹತ್ತಿರ ಲೋನಿ ಬಿಳಿಚಿಕೊಂಡು ಕೂತಿದ್ದಳು, ಆದರೂ ಅವಳ ಕೈ ಗೆರೆ ಎಳೆಯುತ್ತಲೇ ಇತ್ತು. ತಾನೊಬ್ಬನನ್ನು ಬಿಟ್ಟು ಹಜಾರದಲ್ಲಿ ಎಲ್ಲರಿಗೂ ಏನೋ ಕೇಳಿಸಿದೆ. ಹದಿಮೂರನೆಯದರಲ್ಲಿ ಕೊಳಲು ಮತ್ತೆ ಎದ್ದಾಗ ಅವನು ಕೋಲಿನಿಂದ ಮೇಜು ಕುಟ್ಟಿದ.

"ನಿಲ್ಸಿ! ಏಯ್ ಕೊಳಲು, ಯಾರಪ್ಪ ನೀನು? ಪೋಶ್ಲ್ ಎಲ್ಲಿ?"

ಮುದುಕ ಪೋಶ್ಲ್ ಕಾಲು ಬಾತು ಮಲಗಿದ್ದಾನೆ, ಅವನ ಬದಲು ದಂಡಿನ ಬ್ಯಾಂಡಿನ ರೈಟ್‌ಮಾಯರ್ ಬಂದಿದ್ದಾನೆ ಅಂತ ನಿನ್ನೆಯೇ ಲೋನಿ ಬರೆದು ತೋರಿಸಿದ್ದಳು, ಇವನು ಮರೆತಿದ್ದ. ರೈಟ್‌ಮಾಯರ್ ಎದ್ದು, ಸಿಪಾಯಿಯ ಹಾಗೆ ನೆಟ್ಟಗೆ ನಿಂತು, ಏನೋ ಹೇಳಿದ. ದಪ್ಪ ಮೀಸೆಯ ಕೆಳಗೆ ತುಟಿಯೇ ಕಾಣಲಿಲ್ಲ. ಕೆಲವರು ನಕ್ಕರು.

"ಏನಂತೆ ಏಗ್ನರ್?"

ಏಗ್ನರ್ ಬಿಡಿಸಿ ಬಿಡಿಸಿ ತುಟಿಯಾಡಿಸಿದ: "ಹಾಳೇಲಿ ಬರ್ದಿದೆ, ಅದಕ್ಕೇ ನುಡಿಸ್ದೆ ಅಂತಿದಾನೆ ಮೇಷ್ಟ್ರೇ. ಸಣ್ಣಕ್ಷರದಲ್ಲಿದೆ."

ಆಗ ಗೊತ್ತಾಯಿತು. ಉದ್ದಕ್ಕೂ ಸುಮ್ಮನೆ ಕೂರಬೇಕಾದವನು ಲೆಕ್ಕ ತಪ್ಪದಿರಲಿ ಅಂತ ನಕಲು ಮಾಡುವವರು ಬೇರೆ ವಾದ್ಯದ ನಾಲ್ಕು ಸ್ವರಗಳನ್ನು ಅವನ ಹಾಳೆಯಲ್ಲಿ ಚಿಕ್ಕದಾಗಿ ಬರೆದಿರುತ್ತಾರೆ. ಅದು ಕಣ್ಣಿಗೆ, ಬಾಯಿಗಲ್ಲ. ಮೇಳದಲ್ಲಿ ಕೂತವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ದಂಡಿನ ಬ್ಯಾಂಡಿನಲ್ಲಿ ಯಾವಾಗಲೂ ಒಬ್ಬನಲ್ಲ ಒಬ್ಬ ಇರುವುದಿಲ್ಲ. ಇಲ್ಲದವನ ಪಾಲನ್ನು ಸಣ್ಣಕ್ಷರ ನೋಡಿ ಇದ್ದವನು ನುಡಿಸಬೇಕು, ಇಲ್ಲದಿದ್ದರೆ ಬೈಗುಳ. ಪಾಪ, ಅವನು ಕಲಿತದ್ದನ್ನು ಮಾಡಿದ. "ಲೇ ಸಿಪಾಯಿ, ಇದು ಕವಾಯತಲ್ಲ ಕಣೋ" ಅನ್ನುತ್ತ ಹೋಲುಬ್ ಸಾಲುಗಳ ನಡುವೆ ನುಗ್ಗಿದ. ನಗಿಸಬೇಕು ಅಂದುಕೊಂಡ. ಯಾರೂ ನಗಲಿಲ್ಲ.

ಹಾಳೆ ಲೋನಿಯ ಕೈಬರಹದ್ದು. ಐದನೆಯ ಆವರ್ತದ ಮೇಲೆ, ಇರುವೆಯಷ್ಟು ಚಿಕ್ಕದಾಗಿ, ಎರಡು ಸ್ವರ. ಮೇಲಿನದರಿಂದ ಕೆಳಕ್ಕೆ ಒಂದು ಇಳಿತ, ಅಷ್ಟೇ. ಚೆಲ್ಲೊದ್ದಲ್ಲ, ವಯೋಲಾದ್ದಲ್ಲ. ಅವನು ಬರೆದ ಯಾವ ಸಾಲಿನಲ್ಲೂ ಆ ಎರಡು ಸ್ವರ ಇರಲಿಲ್ಲ. ಯಾವ ವಾದ್ಯದ್ದು ಇದು ಅಂತ ಹುಡುಕುತ್ತಿದ್ದ ಹಾಗೇ ಒಳಗಿನ ಕಿವಿ ಅದನ್ನು ಓದಿಬಿಟ್ಟಿತು. ಈ ಊರಿನ ಹೆಂಗಸರೆಲ್ಲ ಕಿಟಕಿಗೆ ಬಂದು ಮಕ್ಕಳನ್ನು, ಗಂಡನನ್ನು ಊಟಕ್ಕೆ ಕರೆಯುವುದು ಇದೇ ಎರಡು ಸ್ವರದಲ್ಲಿ. ಹೆಸರು ಯಾವುದಾದರೂ ಇರಲಿ, ರಾಗ ಇದೇ. ಸಂಜೆ ಅಂಗಳದ ಸುತ್ತ ನಾಲ್ಕು ಮಹಡಿಯಿಂದಲೂ ಅದೇ ಇಳಿತ. ಕಾಸ್–ಪರ್. ಸೂಪು ಆರಿ ಹೋಗ್ತಿದೆ, ಕಾಸ್–ಪರ್. ಲುಡ್ಮಿಲಾಳ ದನಿ ಅವನಿಗೆ ಕಡೆಗೆ ಕೇಳಿಸಿದ್ದು ಯಾವತ್ತು ಅಂತ ನೆನಪಿರಲಿಲ್ಲ, ಈಗ ಬಿಯರಿನ ವಾಸನೆಯ ಹಜಾರದಲ್ಲಿ ಅದು ಕಾಗದದ ಮೇಲೆ ಕೂತು ಕರೆಯುತ್ತಿತ್ತು. ಐದನೆಯದರಲ್ಲಿ ಒಂದು ಸಲ. ಒಂಬತ್ತರಲ್ಲಿ. ಹದಿಮೂರರಲ್ಲಿ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಪ್ಪತ್ತನೆಯದರಲ್ಲಿ ನಾಲ್ಕನೆಯ ಕರೆ, ಅದರಲ್ಲಿ ಮೇಲಿನ ಸ್ವರ ಮಾತ್ರ ಇತ್ತು. ಕೆಳಗಿನದು ಇರಬೇಕಾದಲ್ಲಿ ಮೌನದ ಗುರುತು.

ರೈಟ್‌ಮಾಯರ್ ಆ ನಾಲ್ಕನೆಯದರ ಮೇಲೆ ಬೆರಳಿಟ್ಟು ವಿನಯದಿಂದ ಏನೋ ಕೇಳಿದ. ಹೋಲುಬ್ ಏಗ್ನರನ ಕಡೆ ನೋಡಿದ. ಏಗ್ನರ್ ಹೇಳಲು ಹಿಂಜರಿದ.

"ಹೇಳಯ್ಯ!"

"ಕೊನೇದ್ರಲ್ಲಿ ಒಂದೇ ಸ್ವರ ಇದೆ, ಇನ್ನೊಂದು ಬರೆಯೋದು ಮರ್ತೋಗಿದೆಯಾ, ಸೇರಿಸ್ಕೊಳ್ಲಾ ಅಂತ ಕೇಳ್ತಿದಾನೆ."

ಹೋಲುಬ್ ಹಾಳೆ ಹಿಡಿದುಕೊಂಡು ಒಲೆಯ ಕಡೆಗೆ ನಡೆದ. ಹಜಾರ ಅಷ್ಟು ಉದ್ದವಿದೆ ಅಂತ ಗೊತ್ತಿರಲಿಲ್ಲ. ಹಾಳೆಯನ್ನು ಹರಿದು ಒಲೆಗೆ ಹಾಕಿಬಿಡಬೇಕು ಅನ್ನಿಸಿತು, ಮಗಳ ಗೆಣ್ಣಿನ ಮೇಲೆ ಹೊಡೆಯಬೇಕು ಅಂತಲೂ ಅನ್ನಿಸಿತು. ನೀನು ನನ್ನನ್ನು ಅಣಕಿಸುತ್ತೀಯಾ, ಹನ್ನೆರಡು ವರ್ಷ ನನ್ನ ಅನ್ನ ತಿಂದು. ಹೀಗೆಲ್ಲ ಅಂದುಕೊಳ್ಳುತ್ತಿರುವಾಗಲೂ ಅವನ ತಲೆಯ ಇನ್ನೊಂದು ಭಾಗ ಬೇರೆಯೇ ಲೆಕ್ಕ ಹಾಕುತ್ತಿತ್ತು: ಮೂರು ಕರೆ ಹತ್ತಿರ ಹತ್ತಿರ, ನಾಲ್ಕನೆಯದು ತಡವಾಗಿ, ಅದೂ ಅರ್ಧ. ಇದು ಕಲ್ಪಿಸಿ ಬರೆದದ್ದಲ್ಲ. ಹತ್ತಿರ ಇದ್ದವರು ಮಾತ್ರ ಇದನ್ನು ಬರೆಯಬಲ್ಲರು. ಅವನ ಅಂಗಾಲು ತಣ್ಣಗಾಯಿತು. ಬಾಸ್ ಪಿಟೀಲುಗಳು ಸುಮ್ಮನಿದ್ದವು, ನೆಲದಿಂದ ಯಾವ ಸುದ್ದಿಯೂ ಇರಲಿಲ್ಲ.

ಮಗಳ ಕಿವಿಯ ಹತ್ತಿರ ಬಗ್ಗಿ, ಪಿಸುಗುಟ್ಟಿದ: "ನೀನು ರೊಟ್ಟಿಗೆ ಹೋಗಿದ್ಯಲ್ಲ."

ಲೋನಿ ಬೆಚ್ಚಿ ಅವನ ಭುಜದಾಚೆ ಮೇಳದ ಕಡೆ ನೋಡಿದಳು. ಇವನು ಬಗ್ಗಿದ ಹಾಗೇ ತಿರುಗಿದರೆ, ಮೂವತ್ತು ಜನವೂ ತಲೆ ತಗ್ಗಿಸಿ ತಮ್ಮ ತಮ್ಮ ಮೊಣಕಾಲು ನೋಡುತ್ತಿದ್ದರು. ಪಿಸುಗುಟ್ಟಿದ್ದು ಹೊರಗಿನ ಬೀದಿಗೂ ಕೇಳಿಸಿರಬೇಕು. ಸುಮ್ಮನಾಗಬಹುದಿತ್ತು. ಆದರೆ ಇಷ್ಟು ಬಂದ ಮೇಲೆ ಬಾಯಿ ನಿಲ್ಲಲಿಲ್ಲ.

"ಹೇಳು. ಅಮ್ಮ ಕರೆದ್ಲಾ?"

ಅವಳು ಲೇಖನಿಯನ್ನು ಕೆಳಗಿಟ್ಟು ಸ್ಲೇಟು ತೆಗೆದುಕೊಂಡಳು. ಬರೆಯುವ ಕೈ ನಡುಗಲಿಲ್ಲ, ನಡುಗದ ಹಾಗೆ ಇವನೇ ತಯಾರು ಮಾಡಿದ ಕೈ ಅದು. 'ಕರೆದಳು, ನಾಲ್ಕು ಸಲ.' ಒರೆಸಿದಳು. 'ನಾನು ಹೊರಗೆ ಮೊಗಸಾಲೆಯಲ್ಲಿ ಗೆರೆ ಎಳೀತಿದ್ದೆ.' ಒರೆಸಿದಳು. 'ಕರೆದದ್ದು ನಿಮ್ಮ ಹೆಸರು. ನೀವು ಹೋಗ್ತೀರಿ ಅಂದುಕೊಂಡೆ.' ಈ ಸಲ ಒರೆಸಲು ಹೊತ್ತು ಹಿಡಿಯಿತು, ತೋಳಿನಿಂದ ಒಂದೇ ಜಾಗವನ್ನು ತಿಕ್ಕುತ್ತಲೇ ಇದ್ದಳು. 'ಪುಟ ಮುಗಿಸಿ ಎದ್ದೆ. ಮೂರು ಸಾಲು ಬಾಕಿ ಇತ್ತು. ಎದ್ದು ಬಂದಾಗ ನೀವು ಅಮ್ಮನ ಬಾಯಿ ಮುಚ್ಚಿಸ್ತಿದ್ರಿ. ಹಾಗೇ ರೊಟ್ಟಿ ತರೋಕೆ ಹೋದೆ.'

ಹೋಲುಬ್ ಅದನ್ನು ಎರಡು ಸಲ ಓದಿದ. ಅಣಕವಲ್ಲ, ದೂರೂ ಅಲ್ಲ. ಅವಳು ಸಣ್ಣಕ್ಷರದಲ್ಲಿ ಬರೆದದ್ದು ತನ್ನ ತಪ್ಪನ್ನು. ಯಾರೂ ನುಡಿಸದ ಜಾಗದಲ್ಲಿ, ನುಡಿಸುವುದಿಲ್ಲ ಅಂತ ಗೊತ್ತಿದ್ದ ಜಾಗದಲ್ಲಿ. ಮುದುಕ ಪೋಶ್ಲ್ ಇಷ್ಟು ವರ್ಷ ಅದನ್ನು ನೋಡುತ್ತ ನೋಡುತ್ತ ಇಪ್ಪತ್ತೆರಡು ಆವರ್ತ ಎಣಿಸಿ ಬಾಯಿ ಮುಚ್ಚಿಕೊಂಡಿದ್ದನಲ್ಲ. ಹದಿನಾಲ್ಕರ ಹುಡುಗಿ ಮೂರು ಸಾಲು ಗೆರೆ ಎಳೆದಳು, ಅವಳ ಗೆಣ್ಣು ಅಪ್ಪನ ಏಟಿಗೆ ಹೆದರಿತ್ತು. ಅಮ್ಮನ ಮಾತು ಅಪ್ಪನಿಗೆ ಕೇಳಿಸುವುದಿಲ್ಲ ಅನ್ನುವುದು ಅವಳಿಗೂ ಎಲ್ಲರ ಹಾಗೆ ನಗೆಮಾತಾಗಿ ಮಾತ್ರ ಗೊತ್ತಿತ್ತು.

"ನಂಗೆ ಕೇಳಿಸ್ಲಿಲ್ಲ ಮಗಳೇ," ಅಂದ. ದನಿ ಎಷ್ಟು ದೊಡ್ಡದಾಗುತ್ತಿದೆ ಅಂತ ಗೊತ್ತಾಗಲಿಲ್ಲ, ಗೊತ್ತಾಗುವುದು ಬೇಡವಾಗಿತ್ತು. "ಆಗ್ಲೇ ಕಿವಿ ಹೋಗಿತ್ತು. ನಿಮ್ಮಮ್ಮನ ದನಿ ನಂಗೆ ಆಗ್ಲೇ ಕೇಳಿಸ್ತಿರ್ಲಿಲ್ಲ. ಮುಚ್ಚಿಟ್ಟಿದ್ದೆ. ತಪ್ಪು ನಂದು, ನಿಂದಲ್ಲ. ಪುಟ ಮುಗ್ಸಿ ಏಳು ಅಂದವನೂ ನಾನೇ."

ಲೋನಿ ಅವನ ಮುಖ ನೋಡಿದಳು. ಮತ್ತೆ ಲೇಖನಿ ಎತ್ತಿಕೊಂಡು, ಮಸಿಯಲ್ಲಿ ಅದ್ದಿ, ಬಿಟ್ಟ ಸಾಲಿಗೆ ಹೋದಳು. ಅಷ್ಟೇನಾ, ಅನ್ನಿಸಿತು ಅವನಿಗೆ. ಅಷ್ಟೇ. ಹನ್ನೆರಡು ವರ್ಷದ್ದನ್ನು ಒಂದು ಮಾತು ಒರೆಸಿಹಾಕಲು ಅದೇನು ಸ್ಲೇಟೇ?

ಹಿಂದಿರುಗಿ ಬಂದು ಹಾಳೆಯನ್ನು ರೈಟ್‌ಮಾಯರನ ಮುಂದೆ ಇಟ್ಟ. "ನುಡ್ಸು. ನಾಕೂ ನುಡ್ಸು. ಕೊನೇದಕ್ಕೆ ಏನೂ ಸೇರಿಸ್ಬೇಡ, ಅದು ಇರೋದೇ ಅಷ್ಟು." ಆಮೇಲೆ ಎಲ್ಲರಿಗೂ ಹೇಳಿದ: "ಇಪ್ಪತ್ತನೇದ್ರಲ್ಲಿ ಕೊಳಲಿನ ಆ ಒಂದು ಸ್ವರ ಆದ್ಮೇಲೆ ಎಲ್ರೂ ನಿಲ್ಸಿ. ವಯೋಲಾನೂ. ಮಧ್ಯದಲ್ಲೇ, ಎಲ್ಲಿದೀರೋ ಅಲ್ಲೇ. ನಾನು ಕೈ ಇಳ್ಸೋವರೆಗೂ ಸುಮ್ನಿರಬೇಕು."

ಏಗ್ನರ್ ತುಟಿಯಾಡಿಸಿದ: "ಎಷ್ಟು ಹೊತ್ತು ಮೇಷ್ಟ್ರೇ?"

"ಗೊತ್ತಿಲ್ಲಪ್ಪ. ನನ್ನ ಕೈ ನೋಡಿ." ತಡೆದು, ಅಂದ: "ಏಗ್ನರ್, ಆ ಮೀಸೆ... ಉಪಕಾರವಾಯ್ತು ಕಣಯ್ಯ." ಏಗ್ನರ್ ಖಾಲಿ ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡು ಪಿಟೀಲು ಗದ್ದಕ್ಕೇರಿಸಿದ.

ಕೈ ಎತ್ತಿದ. ವಯೋಲಾಗಳು ಅಲುಗಿದವು. ಆ ಮಧ್ಯಾಹ್ನದ ಸುಖವನ್ನು ಮೊದಲ ಸಲ ನಾಚಿಕೆಯಿಲ್ಲದೆ, ಹಾಗೆ ಸುಖವಾಗಿದ್ದೆ ಅಂತಲೇ ಒಪ್ಪಿಕೊಂಡು ಬೀಸಿದ. ಐದು. ಕೊಳಲು ಎದ್ದಿತು, ಇಳಿಯಿತು. ವಯೋಲಾಗಳು ಕೇಳಿಸಿಕೊಳ್ಳದೆ ಮುಂದಕ್ಕೆ ಹೋದವು, ಅವು ಇರುವುದೇ ಹಾಗೆ, ಅವನು ಬರೆದದ್ದೇ ಹಾಗೆ. ಒಂಬತ್ತು. ಹದಿಮೂರು. ಈಗ ಯಾರೂ ಏಗ್ನರನ ಕಮಾನು ನೋಡುತ್ತಿರಲಿಲ್ಲ. ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಏಗ್ನರನಿಗೂ ಗೊತ್ತಿರಲಿಲ್ಲ. ಅರುವತ್ತು ಕಣ್ಣುಗಳು ಇವನ ಕೈಯ ಮೇಲಿದ್ದವು. ಹದಿನಾರು, ಹದಿನೇಳು, ಎಷ್ಟು ತಡ ಮಾಡುತ್ತಾಳೆ, ನೀರಿಗೆ ಕೈ ಚಾಚಿರಬೇಕು, ಲೋಟ ಬಿದ್ದದ್ದು ಆಗಲೇ ಇರಬೇಕು, ಹತ್ತೊಂಬತ್ತು. ಕೊಳಲು ಎದ್ದಿತು. ಒಂದು ಸ್ವರ.

ಕಮಾನುಗಳೆಲ್ಲ ತಂತಿಯ ಮೇಲೇ ನಿಂತವು. ಅಂಗಾಲಿನ ಕೆಳಗೆ ನೆಲ ಸತ್ತಿತು. ತನ್ನೊಬ್ಬನದೇ ಅಂದುಕೊಂಡಿದ್ದ ಆ ನಿಶ್ಶಬ್ದದಲ್ಲಿ ಈಗ ಹಜಾರದ ತುಂಬ ಜನವಿದ್ದರು. ಎತ್ತಿದ ಕೈಯನ್ನು ಅವನು ಇಳಿಸಲಿಲ್ಲ. ಇನ್ನೂ ಇಳಿಸಲಿಲ್ಲ. ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗುತ್ತಾರಲ್ಲ, ಹಾಗೆ ತಿರುಗಿ ನೋಡಿದ.

ಒಲೆಯ ಪಕ್ಕ ಲೋನಿ ಎದ್ದು ನಿಂತಿದ್ದಳು. ಐದು ಮೊನೆಯ ಲೇಖನಿಯಿಂದ ಮಸಿ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು. ತೊಡೆಯಿಂದ ಜಾರಿ ಬಿದ್ದ ಹಾಳೆಯಲ್ಲಿ ಗೆರೆಗಳು ಅರ್ಧಕ್ಕೇ ನಿಂತಿದ್ದವು.